ಪ್ರಯೋಗಶಾಲೆಗೆ ಬಂದ ತಾಟೆಮೀನು

ಭಾರತದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ, ಕಡಲನ್ನೇ ಕಾಣದ ಬಯಲುಸೀಮೆಯವರಿಗೂ, ಫಾರ್ಮಲಿನ್ನಿನ ಕಟುವಾಸನೆಯ ನಡುವೆ ಮೇಣದ ತಟ್ಟೆಯ ಮೇಲೆ ಮೊದಲ ದರ್ಶನವಿತ್ತ ಶಾರ್ಕು ಸ್ಕೋಲಿಯೋಡಾನ್. ತುಳುನಾಡಿನವರು ತಾಟೆಯೆಂದು ಕರೆಯುವ ಮೀನುಗಳ ಬಳಗಕ್ಕೆ ಸೇರಿದ, ಚಪ್ಪಟೆ ಮೂತಿಯ, ಮುಕ್ಕಾಲು ಮೀಟರಿಗಿಂತ ನೀಳವಾಗದ ಈ ಜೀವಿಗೆ ಬರ್ಲಿನ್ನಿನ ಮ್ಯೂಲರ್ ಮತ್ತು ಹೆನ್ಲೆ ಎಂಬ ವಿದ್ವಾಂಸರು 1838ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದ್ದರು.

ನಮ್ಮ ವಿಶ್ವವಿದ್ಯಾನಿಲಯಗಳು ಪಾಠಕ್ರಮವನ್ನು ಇಂಗ್ಲೆಂಡಿನಿಂದ ತಂದುಕೊಂಡಾಗ ಅದರ ಜೊತೆಯಲ್ಲಿ ಅಲ್ಲಿನ ಪ್ರಾಣಿಗಳೂ ಪುಸ್ತಕವೇರಿ ಬಂದವು. ಆದರೆ ಕೈಪಿಡಿ ವರ್ಣಿಸಿದ ಐರೋಪ್ಯ ಶಾರ್ಕು ಇಲ್ಲಿನ ನೀರಿನಲ್ಲಿ ಸಿಕ್ಕುವಂಥದಲ್ಲ. ಈ ಕೊರತೆಯನ್ನು ನೀಗಲೆಂದು ಲಕ್ನೋದ ಪ್ರಾಧ್ಯಾಪಕ ಕೆ. ಎನ್. ಬಹ್ಲ್ ಅವರು ಭಾರತೀಯ ಪ್ರಾಣಿಗಳನ್ನೇ ಕುರಿತ ಗ್ರಂಥಮಾಲೆಯನ್ನು ಆರಂಭಿಸಿದರು. ಅದರಲ್ಲಿ 1928ರಲ್ಲಿ ತಿಲ್ಲಯಂಪಲಂ ಅವರ 'ಸ್ಕೋಲಿಯೋಡಾನ್' ಪ್ರಕಟವಾಯಿತು. ಕಡಲಿನಿಂದ ನೂರಾರು ಮೈಲಿ ದೂರದ ಗೋಮತೀತೀರದಲ್ಲಿ ಕಡಲಮೀನಿನ ಪ್ರಮಾಣಗ್ರಂಥ ಹುಟ್ಟಿದುದು ವಿಚಿತ್ರವೆನಿಸಬಹುದು. ವಿದ್ಯೆಯ ದಾರಿಗಳು ಬಹುಮಟ್ಟಿಗೆ ಹೀಗೆಯೇ ಇರುವುವು.

ತಟ್ಟೆಯಲ್ಲಿ ಹಿಡಿಸುವ ಗಾತ್ರ, ಕಡಮೆ ಬೆಲೆ, ಕರಾವಳಿಯಲ್ಲಿ ಹೇರಳವಾದ ಲಭ್ಯತೆ, ಇವೆಲ್ಲ ಈ ಮೀನಿನ ಪರವಾಗಿದ್ದವು. ಎಲ್ಲಕ್ಕೂ ಮಿಗಿಲಾದುದು ಅದರ ಮೃದ್ವಸ್ಥಿ: ಗಟ್ಟಿ ಎಲುಬಿಲ್ಲದ ಆ ತಲೆಯನ್ನು ಚಾಕು ಎಳೆಸೌತೆಯಂತೆ ಹೆರೆಯುತ್ತ ಹೋಗಲು ಮಿದುಳೂ, ಕಪಾಲನರಗಳೂ, ಕಿವಿರಿಗೆ ರಕ್ತವನ್ನೊಯ್ಯುವ ಧಮನಿಗಳೂ ಒಂದೊಂದಾಗಿ ಹೊರಬೀಳುವುವು. ಹತ್ತನೆಯ ನರವನ್ನು ತುಂಡಾಗಿಸದೆ ಬಿಡಿಸಿ ತೋರಿದವನು ಪರೀಕ್ಷಕನ ಮೆಚ್ಚುಗೆಗೆ ಪಾತ್ರನಾಗುತ್ತಿದ್ದನು.

ಆದರೆ ಈ ಜೀವಿಯ ಪರಮಾಶ್ಚರ್ಯಕ್ಕೆ ಪ್ರಾಯೋಗಿಕ ಪಾಠವು ಸಲ್ಲಬೇಕಾದಷ್ಟು ಗಮನವನ್ನು ಕೊಡಲಿಲ್ಲವೆಂದೇ ನನ್ನ ಭಾವನೆ. ಇದರ ಅಂಡವು ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ; ಅದರೊಳಗೆ ಭ್ರೂಣವನ್ನು ಪೋಷಿಸುವ ಹಳದಿಯು ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದ ತಾಯಿಯು ಸಸ್ತನಿಗಳಂತೆಯೇ ಜರಾಯುವಿನ ಮೂಲಕ ಮರಿಗಳನ್ನು ಪೋಷಿಸಿ, ಒಂದು ಗೇಣಿಗೂ ಕಡಮೆ ಉದ್ದದ ಹಲವು ಮರಿಗಳನ್ನು ಹೆರುವುದು. ಮತ್ತೊಂದು ಜಾತಿಯ ಶಾರ್ಕಿನಲ್ಲಿ ಇಂಥ ಸಂಬಂಧವಿದೆಯೆಂದು ಅರಿಸ್ಟಾಟಲನು ಬರೆದುದನ್ನು ಶತಮಾನಗಳ ತರುವಾಯ, 1842ರಲ್ಲಿ ಸ್ಥಿರಪಡಿಸಿದವರೂ ಇದಕ್ಕೆ ಹೆಸರಿಟ್ಟ ಅದೇ ಮ್ಯೂಲರ್.

ಪ್ರಾಣಿಛೇದನವನ್ನು ಹಂತಹಂತವಾಗಿ ಕೈಬಿಡುವಂತೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2011ರಲ್ಲಿ ಸೂಚಿಸಿದ ಮೇಲೆ ತಟ್ಟೆಗಳು ಕಪಾಟು ಸೇರಿದವು. ಮೀನುಗಾರಿಕೆ ಮಾತ್ರ ನಿಲ್ಲಲಿಲ್ಲ: ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿಯೇ ವಾಸಿಸುವ ಸ್ವಭಾವದಿಂದಾಗಿ ಈ ಮೀನು ಟ್ರಾಲ್ ಬಲೆಗೂ ಬೀಡುಬಲೆಗೂ ಇಂದಿಗೂ ಸಿಕ್ಕಿಬೀಳುತ್ತಲೇ ಇದೆ.