ಕಾರಣಿಕದ ಸೀಮೆಯಲ್ಲಿ ಬೈಬಲಿನ ಪ್ರವಾದನೆ

ಹಾನಗಲ್ಲ ತಾಲ್ಲೂಕಿನ ಆಡೂರಿನವರಿಗೆ ಭವಿಷ್ಯದ ನುಡಿ ಹೊಸದೇನಲ್ಲ. ಅದೇ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ಇಡೀ ಜಾತ್ರೆ ಬಾಯಿ ಮುಚ್ಚುತ್ತದೆ. ಆಮೇಲೆ ಒಂದೇ ಸಾಲಿನ ಕಾರಣಿಕ. ಅದು ಮಳೆಯದೋ ಬೆಳೆಯದೋ ರಾಜಕೀಯದ್ದೋ ಎಂದು ಅರ್ಥ ಹಚ್ಚುವುದು ಕೇಳಿದವರ ಪಾಲು. ಬೈಬಲಿನ ಪ್ರವಾದನೆಯನ್ನೂ ಹೀಗೆಯೇ ಓದುವವರಿದ್ದಾರೆ. ಆದರೆ ಆ ಗ್ರಂಥದ ಪ್ರವಾದಿಗಳು ಮುಂದಾಗುವುದನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಕೇಡುಗಾಲದಲ್ಲಿ ಏನು ಮಾಡಬೇಕೆಂದು ಹೇಳಿದವರು.

ಎರಡು ವರ್ಷವೋ, ಎಪ್ಪತ್ತೋ?

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದ. ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆಂದು ಹನನ್ಯ ಎಂಬ ಪ್ರವಾದಿ ಸಾರಿದ. ಜನಕ್ಕೆ ಬೇಕಿದ್ದದ್ದೂ ಅದೇ. ಇನ್ನೊಬ್ಬ ಪ್ರವಾದಿ ಯೆರೆಮೀಯ ಮಾತ್ರ ಎಪ್ಪತ್ತು ವರ್ಷ ಎಂದ. ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಆ ಊರಿಗೇ ಒಳಿತನ್ನು ಬಯಸಿರಿ ಎಂದು ಸೆರೆಯಾಳುಗಳಿಗೆ ಓಲೆ ಬರೆದ. ಕೊನೆಗೆ ಸುಳ್ಳಾದದ್ದು ಹನನ್ಯನ ಹಿತವಾದ ಮಾತೇ.

ಅನಾತೋತಿನ ಹೊಲ

ಸುಮಾರು ಹತ್ತು ವರ್ಷದ ನಂತರ ಪಟ್ಟಣಕ್ಕೆ ಮತ್ತೆ ಮುತ್ತಿಗೆ ಬಿತ್ತು. ಯೆರೆಮೀಯ ಅರಮನೆಯ ಕಾವಲು ಅಂಗಳದಲ್ಲಿ ಬಂಧಿ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ತನ್ನ ಹೊಲ ಕೊಂಡುಕೋ ಎಂದ. ಶತ್ರುಸೈನ್ಯ ನಾಡನ್ನೇ ತುಳಿಯುತ್ತಿರುವಾಗ ಹೊಲ! ಯೆರೆಮೀಯ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಅದನ್ನು ಕೊಂಡ. ಸಾಕ್ಷಿಗಳು ರುಜು ಹಾಕಿದರು. ಮುದ್ರೆ ಒತ್ತಿದ ಖರೀದಿ ಪತ್ರ, ತೆರೆದ ಪ್ರತಿ ಎರಡನ್ನೂ ಬಹುಕಾಲ ಬಾಳುವಂತೆ ಮಣ್ಣಿನ ಗಡಿಗೆಯಲ್ಲಿಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯ ವಿಕ್ರಯ ಮತ್ತೆ ನಡೆಯುತ್ತದೆ ಎಂಬ ನುಡಿಗೆ ಅದೇ ಗುರುತು. ಪ್ರವಾದನೆಯ ಪುಸ್ತಕಗಳಲ್ಲೆಲ್ಲ ನನಗೆ ಹೆಚ್ಚು ಒಪ್ಪುವ ಅಧ್ಯಾಯ ಇದು.

ಕ್ರಿ.ಪೂ. 586ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟುಹೋಯಿತು. 539ರಲ್ಲಿ ಪರ್ಷಿಯದ ಕೋರೆಷ ಬಾಬಿಲೋನನ್ನು ಗೆದ್ದ ಮೇಲೆ ಮರಳುವ ದಾರಿ ತೆರೆಯಿತು. ಎರಡನೆಯ ದೇವಾಲಯ ಮುಗಿಯುವಾಗ ಮೊದಲನೆಯದು ಸುಟ್ಟು ಸುಮಾರು ಎಪ್ಪತ್ತು ವರ್ಷ ಸಂದಿತ್ತು.

ಕಾಲಜ್ಞಾನಿಗಳು ಮತ್ತು ಮಲಸಮುದ್ರ

ಈ ಬೈಬಲನ್ನು ನಮ್ಮ ಸೀಮೆಗೆ ತಂದ ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂತು. ಆಡೂರು ಆಗ ಇದ್ದದ್ದೂ ಧಾರವಾಡ ಜಿಲ್ಲೆಯಲ್ಲೇ. ಹಾವೇರಿ ಬೇರೆಯಾದದ್ದು 1997ರಲ್ಲಿ. ಮಿಷನ್ ಬಂದ ಕಾಲಕ್ಕೆ ಈ ಸೀಮೆಯಲ್ಲಿ ಕಾಲಜ್ಞಾನದ ಓಲೆಗಳನ್ನು ನಂಬಿದ ಒಂದು ಪಂಗಡವಿತ್ತು. ಪಶ್ಚಿಮದಿಂದ ಗುರುಗಳು ಬರುತ್ತಾರೆ, ಜಾತಿ ಅಳಿಯುತ್ತದೆ ಎಂದು ಕಾದಿದ್ದವರು ಮಿಷನರಿಗಳ ಬಳಿ ಹೋಗಿ, ಆ ಗುರುಗಳು ನೀವೇನಾ ಎಂದು ವಿಚಾರಿಸಿದರು. ಮಿಷನರಿ ಹರ್ಮನ್ ಮೋಗ್ಲಿಂಗ್ ಮತ್ತು ಸಂಗಡಿಗರಿಗೆ ದೊಡ್ಡ ಆಸೆ ಹುಟ್ಟಿತು. 1841ರ ಸುಮಾರಿಗೆ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತು ಹೂಡಿದರು. ನೆನೆದಂತೆ ಜನ ಬರಲಿಲ್ಲ, ವಸಾಹತು ಬಾಳಲಿಲ್ಲ. ನೇಕಾರರ ಊರು ಬೆಟಗೇರಿಯಲ್ಲಿ ಮಾತ್ರ ಕ್ರೈಸ್ತ ಸಭೆ ಬೇರೂರಿತು. ಎರಡೂ ಕಡೆಯವರು ತಮ್ಮ ತಮ್ಮ ಭವಿಷ್ಯವಾಣಿಯನ್ನು ಎದುರಿಗಿದ್ದವರ ಮೇಲೆ ಹೊರಿಸಿದರು ಎಂದೇ ನನಗೆ ತೋರುತ್ತದೆ.

ತಾರೀಖಿನ ಗೀಳು

ಅದೇ ದಶಕದಲ್ಲಿ ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು ದಾನಿಯೇಲನ ಪುಸ್ತಕದ ಲೆಕ್ಕ ಹಿಡಿದು, 1844ರ ಅಕ್ಟೋಬರ್ 22ರಂದು ಕ್ರಿಸ್ತ ಮರಳುತ್ತಾನೆಂದು ಕಾದು ಕುಳಿತರು. ಕೆಲವರು ಬೆಳೆಯನ್ನೇ ಕೊಯ್ಯಲಿಲ್ಲ. ಯೆರೆಮೀಯನಾಗಿದ್ದರೆ ಕೊಯ್ಯಲು ಹೇಳುತ್ತಿದ್ದ.

ಓದುವ ಕ್ರಮ

ಹೊಸದಾಗಿ ಓದುವವರು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೃಗಗಳಿಂದ ಶುರು ಮಾಡಿದರೆ ದಿಕ್ಕು ತಪ್ಪುವುದೇ ಹೆಚ್ಚು. ಮೊದಲು ಯೆರೆಮೀಯ 29 ಮತ್ತು 32, ಆಮೇಲೆ ಸೆರೆಯಾಳುಗಳನ್ನು ಸಂತೈಸುವ ಯೆಶಾಯ 40, ಒಣ ಎಲುಬುಗಳ ಕಣಿವೆಯ ಯೆಹೆಜ್ಕೇಲ 37. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಚರ್ಚುಗಳಲ್ಲಿ ಯೆಶಾಯನ ಭಾಗಗಳನ್ನು ಓದುವುದು ರೂಢಿ. ಪ್ರಕಟನೆ ಕೊನೆಗಿರಲಿ, ಅದನ್ನು ಬರೆದ ಯೋಹಾನನೂ ಪತ್ಮೋಸ್ ದ್ವೀಪಕ್ಕೆ ಗಡೀಪಾರಾಗಿದ್ದವನೆಂಬುದು ಅಷ್ಟುಹೊತ್ತಿಗೆ ತಾನಾಗಿ ಅರ್ಥ ಕೊಡುತ್ತದೆ.