ಗೊರವನ ಗಂಜಿ

ಆರೇಳು ವರ್ಷದ ಹಿಂದಿನ ಮಾತು. ಆಫೀಸಿನವರು ವಾರಕ್ಕೊಂದು ದಿನ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡಲು ಆಸಕ್ತರ ಹೆಸರು ಕೇಳಿದರು. ಶನಿವಾರ ಬೆಳಿಗ್ಗೆ ಹೇಗೂ ಹಾಳಾಗುತ್ತೆ ಅಂತ ನಾನೂ ಕೊಟ್ಟೆ. ಒಂಬತ್ತನೇ ಕ್ಲಾಸು, ಮೂವತ್ತೆಂಟು ಮಕ್ಕಳು, ಇಂಗ್ಲಿಷ್ ಕಲಿಸಬೇಕಿತ್ತು. ಎರಡು ವಾರದಲ್ಲಿ ನನಗೂ ಅವರಿಗೂ ಬೇಜಾರು ಹತ್ತಿತು. ಮೂರನೇ ವಾರ ಲ್ಯಾಪ್‌ಟಾಪಿನಲ್ಲಿದ್ದ ಒಂದು ಕಲ್ಲಿನ ಫೋಟೋ ತೋರಿಸಿ, 'ಇದರ ಕಥೆ ಬರೀರಿ, ಕನ್ನಡದಲ್ಲೇ' ಅಂದೆ.

ಅದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾವು ಸಾಮಾನ್ಯವಾಗಿ ನೋಡುವ ವೀರಗಲ್ಲು ಅಪಾರ್ಟ್‌ಮೆಂಟಿನ ಥರ. ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಶಿವಲಿಂಗದ ಎದುರು ಅವನು ಕೂತಿರೋದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಆತಕೂರಿನದು ಹಾಗಿಲ್ಲ. ಒಂದು ನಾಯಿ, ಒಂದು ಹಂದಿ, ಎರಡೂ ಮೈಮೇಲೆ ಬಿದ್ದು ಕಚ್ಚಾಡುತ್ತಿವೆ. ಸುತ್ತ ಹಳಗನ್ನಡ ಅಕ್ಷರ. ಅಪ್ಸರೆಯರಿಲ್ಲ.

ಕಥೆ ಅಕ್ಷರದಲ್ಲಿದೆ. ಕ್ರಿ.ಶ. 949ರಲ್ಲಿ ತಕ್ಕೋಲಂನಲ್ಲಿ (ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ) ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ಆಯ್ತು. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ ಇದ್ದ, ಚೋಳರ ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಸತ್ತ. ಬೂತುಗನ ಕಡೆಯ ಮಣಲೇರ ಎಂಬವನ ಶೌರ್ಯ ಮೆಚ್ಚಿ ಏನು ಬೇಕು ಕೇಳು ಅಂದರಂತೆ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿ ಕೇಳಿದ! ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ರಾಜಾದಿತ್ಯನ ಸಾವೂ ಅದೇ ಕಲ್ಲಲ್ಲಿದೆ, ಆದರೆ ಚಿತ್ರದ ಜಾಗ ಸಿಕ್ಕಿದ್ದು ನಾಯಿಗೆ.

ಮಕ್ಕಳಿಗೆ ಇಷ್ಟು ಹೇಳಿ ಎರಡೇ ನಿಯಮ ಹಾಕಿದೆ. ಕಲ್ಲಲ್ಲಿ ಇರೋದನ್ನ ಬದಲಾಯಿಸಬಾರದು. ಕಲ್ಲಲ್ಲಿ ಇಲ್ಲದ್ದನ್ನ ಎಷ್ಟು ಬೇಕಾದ್ರೂ ಬರೀಬಹುದು.

ಬಂದ ಕಥೆಗಳಲ್ಲಿ ಮುಕ್ಕಾಲು ಪಾಲು ಸಿನಿಮಾ. ಮಣಲೇರ ಸ್ಲೋ ಮೋಶನ್ನಲ್ಲಿ ನಡೆದು ಬರ್ತಾನೆ, ಡೈಲಾಗ್ ಹೊಡೀತಾನೆ. ಒಬ್ಬನ ಕಥೆಯಲ್ಲಿ ಸೈನಿಕರು ಯುದ್ಧ ಗೆದ್ದು ಮೆಣಸಿನಕಾಯಿ ಬಜ್ಜಿ ತಿಂದರು. ಮೆಣಸಿನಕಾಯಿ ನಮ್ಮಲ್ಲಿಗೆ ಬಂದಿದ್ದು ಪೋರ್ಚುಗೀಸರ ಕಾಲದಲ್ಲಿ, ಇನ್ನೂ ಐನೂರು ಚಿಲ್ಲರೆ ವರ್ಷ ಕಾಯಬೇಕು ಅಂದೆ. 'ಹಾಗಾದ್ರೆ ಸಾರಿಗೆ ಖಾರ?' ಅಂತ ಕೇಳಿದ. ಕಾಳುಮೆಣಸು. ಆಮೇಲೆ ಟೊಮೇಟೊ, ಆಲೂಗಡ್ಡೆ ಅಂತ ಇಡೀ ಪೀರಿಯಡ್ ಅಡುಗೆಮನೆಯಲ್ಲೇ ಕಳೀತು. ಇತಿಹಾಸದ ಪಾಠಕ್ಕೆ ಅಂಥ ಗಮನ ಕೊಟ್ಟಿದ್ದನ್ನು ನಾನು ಮತ್ತೆ ನೋಡಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದೇ ಪುಟ ಬರೆದಿದ್ದಳು. ನಾಯಿ ಇಲ್ಲ, ಹಂದಿ ಇಲ್ಲ, ಯುದ್ಧವೂ ಇಲ್ಲ. ಶಾಸನದ ಕೊನೆಗೆ ಒಂದು ಮಾತಿದೆ: ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಗುಡಿಯ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆ. ನಾನು ಅದನ್ನು ತಮಾಷೆಗೆ ಹೇಳಿ ಮುಂದೆ ಹೋಗಿದ್ದೆ. ಅವಳು ಅದನ್ನೇ ಹಿಡಿದಿದ್ದಳು. ಗೊರವನಿಗೆ ಜ್ವರ. ಬೆಳಿಗ್ಗೆಯಿಂದ ಹೊಟ್ಟೆಗೆ ಏನಿಲ್ಲ. ಹೆಂಡತಿ ಗಂಜಿ ಕಾಯಿಸಿ ಇಟ್ಟಿದ್ದಾಳೆ, ಹೊರಗೆ ಮಳೆ, ಕಲ್ಲಿನ ಹತ್ತಿರ ಹೋಗೋಕಾಗ್ತಿಲ್ಲ. ಗಂಜಿ ಆರುತ್ತೆ. ಅವನು ಎಂದೂ ನೋಡದ ನಾಯಿಗೆ ಹೆದರಿ ಕೂತಿದ್ದಾನೆ. ಅಷ್ಟೇ ಕಥೆ.

ನಾನು ಈ ಶಾಸನದ ಬಗ್ಗೆ ನಾಲ್ಕಾರು ಲೇಖನ ಓದಿದ್ದೆ, ಒಂದು ಸಲ ಟ್ವಿಟರ್‌ನಲ್ಲಿ ಉದ್ದ ಬರೆದು ಲೈಕ್ ಕೂಡ ತಗೊಂಡಿದ್ದೆ. ಶೌರ್ಯ, ಪ್ರಾಣಿಪ್ರೀತಿ, ಕನ್ನಡಿಗರು ಹಾಗೆ ಹೀಗೆ ಅಂತ. ಮಣಲೇರನ ಪ್ರೀತಿಯ ಕೂಲಿ ದಿನಾ ಕಟ್ಟಬೇಕಾದವನು ಒಬ್ಬ ಇದ್ದ ಅಂತ ಒಂದು ಸಲವೂ ಹೊಳೆದಿರಲಿಲ್ಲ. ನನಗೆ ಹೊತ್ತು ಹೊತ್ತಿಗೆ ಊಟ ಸಿಕ್ಕಿದೆ, ಅದಕ್ಕೇ ಇರಬೇಕು.

ಶಾಲೆಯವರಿಗೆ ಇದೆಲ್ಲ ಅಷ್ಟು ಹಿಡಿಸಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇದೆ, ಗಣಿತ ಹಿಂದೆ ಬಿದ್ದಿದೆ, ಶನಿವಾರದ ಪೀರಿಯಡ್ ಬೇಕು ಅಂದರು. ತಪ್ಪು ಅನ್ನೋಕಾಗಲ್ಲ, ಆ ಮಕ್ಕಳಿಗೆ ಪಾಸಾಗೋದು ಬದುಕಿನ ಪ್ರಶ್ನೆ. ಆದರೂ ಸಿಟ್ಟು ಬಂತು. ಕೊನೆಗೊಂದು ಸಲ ಮ್ಯೂಸಿಯಮ್ಮಿಗೆ ಕರಕೊಂಡು ಹೋಗ್ತೀನಿ ಅಂತ ಗೋಗರೆದು ಒಪ್ಪಿಸಿದೆ.

ಬಿಎಂಟಿಸಿ ಬಸ್ಸಲ್ಲಿ ಹೋದ್ವಿ. ಹುಡುಗರು ಬೇಗೂರಿನ ದೊಡ್ಡ ವೀರಗಲ್ಲಿನ ಆನೆಗಳ ಮುಂದೆ ಸೇರಿಕೊಂಡರು. ಆ ಹುಡುಗಿ ಆತಕೂರಿನ ಕಲ್ಲಿನ ಮುಂದೆ ನಿಂತು ಕೆಳಗೆ, ಅಕ್ಕಪಕ್ಕ ನೋಡ್ತಿದ್ದಳು. ಹೂವಿಲ್ಲ, ಕುಂಕುಮವಿಲ್ಲ, ಒಂದು ಬೋರ್ಡು ಮಾತ್ರ.

'ಸಾರ್, ಈಗ ಇದಕ್ಕೆ ಪೂಜೆ ಯಾರು ಮಾಡ್ತಾರೆ?'

'ಯಾರೂ ಇಲ್ಲಮ್ಮ.'

ಸ್ವಲ್ಪ ಹೊತ್ತು ಯೋಚಿಸಿದಳು. 'ಒಳ್ಳೇದಾಯ್ತು ಬಿಡಿ,' ಅಂದವಳೇ ಆನೆ ನೋಡೋಕೆ ಹೋದಳು.