ಹೆಗ್ಗಡೆ: ಒಂದು ಅಡ್ಡಹೆಸರಿನ ಪೂರ್ವೋತ್ತರ

ಹೊಸಬರ ಪರಿಚಯವಾದಾಗ ನಾವು ಕೇಳುವ ಮೊದಲ ಪ್ರಶ್ನೆ ‘ತಮ್ಮ ಹೆಸರು?’ ಎಂಬುದು. ಎರಡನೆಯದು ‘ಅಡ್ಡಹೆಸರು?’ ಮೊದಲನೆಯದು ಮರ್ಯಾದೆಗಾಗಿ. ಎರಡನೆಯದು ಜಾತಿ ತಿಳಿಯುವುದಕ್ಕಾಗಿ. ಇದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇಂಥ ಅಡ್ಡಹೆಸರಾದರೆ ಇಂಥ ಜನ ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಅದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಆದರೂ ಎಲ್ಲರಿಗೂ ಬಾಯಿಪಾಠ. ಆ ಪಟ್ಟಿಯನ್ನು ಹಿಡಿದು ಹೊರಟವರು ‘ಹೆಗ್ಗಡೆ’ ಎಂಬ ಹೆಸರಿನ ಮುಂದೆ ಮಾತ್ರ ತಬ್ಬಿಬ್ಬಾಗಿ ನಿಲ್ಲಬೇಕಾಗುತ್ತದೆ.

ಏಕೆಂದು ನೋಡಿ. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿ ಯಕ್ಷಗಾನಕ್ಕೆ ಕೀರ್ತಿ ತಂದ ಕೆರೆಮನೆ ಶಿವರಾಮ ಹೆಗಡೆಯವರೂ, 1983ರಿಂದ 1988ರವರೆಗೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರೂ ಹವ್ಯಕ ಬ್ರಾಹ್ಮಣರು. 1973ರಲ್ಲಿ ತಮ್ಮನ್ನು ಬಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಸುಪ್ರೀಂ ಕೋರ್ಟಿನ ಪದವಿಯನ್ನು ಬಿಟ್ಟು ಬಂದು, ಮುಂದೆ 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದ ಕೆ. ಎಸ್. ಹೆಗ್ಡೆಯವರು ಕಾರ್ಕಳದ ಕಡೆಯ ಬಂಟರು. ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಮನೆಯಲ್ಲಿ ಕೊಂಕಣಿ ಮಾತಾಡುವ ಗೌಡ ಸಾರಸ್ವತರಲ್ಲಿ ಕಾಮತ, ಪೈ, ಶೆಣೈಗಳ ಪಕ್ಕದಲ್ಲಿ ಹೆಗ್ಡೆಗಳೂ ಇದ್ದಾರೆ. ಇನ್ನು ಕೊಡಗಿಗೆ ಹೋದರೆ ಹೆಗ್ಗಡೆ ಎಂಬುದು ಒಂದು ಮನೆಯ ಹೆಸರೇ ಅಲ್ಲ. ಅದು ಒಂದು ಜನಾಂಗದ ಹೆಸರು. ಆ ಜನಾಂಗದೊಳಗೆ ಪ್ರತಿಯೊಂದು ಮನೆತನಕ್ಕೂ ಬೇರೆ ಬೇರೆ ಹೆಸರುಗಳಿವೆ.

ಕೆಲವು ವರ್ಷಗಳ ಹಿಂದೆ ನನ್ನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದರು. ಜೊತೆಗೆ ನಾನೂ ಹೋಗಿದ್ದೆ. ಮನೆ ಒಪ್ಪಿಗೆಯಾಯಿತು, ಬಾಡಿಗೆಯೂ ಒಪ್ಪಿಗೆಯಾಯಿತು. ಹೆಸರು ಕೇಳಿದ ಮೇಲೆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಗಡೆಯವರು ಅಂದರೆ... ಶಿರಸಿ ಕಡೆಯವರೋ, ಉಡುಪಿ ಕಡೆಯವರೋ?” ಎಂದರು. ಪ್ರಶ್ನೆ ಭೂಗೋಳದ್ದಲ್ಲ, ಅಡಿಗೆಮನೆಯದು ಎಂದು ನಮಗಿಬ್ಬರಿಗೂ ತಿಳಿಯಿತು. “ನಾನು ಹುಟ್ಟಿದ್ದು ಬೆಳೆದದ್ದು ಮಲ್ಲೇಶ್ವರದಲ್ಲಿ ಸ್ವಾಮಿ” ಎಂದರು ಸ್ನೇಹಿತರು. ಮನೆ ಸಿಕ್ಕಲಿಲ್ಲ. ದಾರಿಯಲ್ಲಿ ಅವರು ಕೇಳಿದರು: “ಅಲ್ಲಯ್ಯ, ಇತಿಹಾಸ ಓದಿದವನು ನೀನು. ಈ ಹೆಸರು ನಿಜವಾಗಿ ಯಾರದು?” ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಶಬ್ದದ ವಿಚಾರ. ಹಳಗನ್ನಡದಲ್ಲಿ ಈ ಪದದ ರೂಪ ‘ಪೆರ್ಗಡೆ’. ಇದರ ಮೊದಲ ಭಾಗವಾದ ‘ಪೆರ್’ ಎಂದರೆ ಹಿರಿದು, ದೊಡ್ಡದು. ಈ ‘ಪೆರ್’ ಈಗಲೂ ನಮ್ಮ ಬಾಯಲ್ಲಿ ದಿನವೂ ಓಡಾಡುತ್ತಿದೆ. ನಾವು ಗುರುತಿಸುವುದಿಲ್ಲ, ಅಷ್ಟೆ. ಹೆಬ್ಬಾಗಿಲು, ಹೆಮ್ಮರ, ಹೆದ್ದಾರಿ, ಹೆಬ್ಬೆರಳು, ಹೆಬ್ಬಂಡೆ, ಇವೆಲ್ಲ ಆ ‘ಪೆರ್’ನ ಸಂತಾನ. ಕೃಷ್ಣಾನದಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರು ‘ಪೆರ್ದೊರೆ’, ಎಂದರೆ ಹಿರಿಯ ಹೊಳೆ. ಅದು ಮುಂದೆ ಹೆದ್ದೊರೆಯಾಯಿತು. ಹಾಗೆಯೇ ಪೆರ್ಗಡೆಯಲ್ಲಿ ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ‘ಪೆಗ್ಗಡೆ’ಯಾಯಿತು, ಮೊದಲ ಪಕಾರ ಹಕಾರವಾಗಿ ‘ಹೆಗ್ಗಡೆ’ಯಾಯಿತು. ಪಾಲ್ ಹಾಲಾದಂತೆ, ಪೂ ಹೂವಾದಂತೆ ಇದೂ ಒಂದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ವ್ಯಾಕರಣ ಬರೆಯುವ ಹೊತ್ತಿಗೆ ಈ ಬದಲಾವಣೆ ಬಹಳ ಮುಂದುವರಿದಿತ್ತು. ಆಮೇಲೆ ಆಡುಮಾತಿನ ಅವಸರದಲ್ಲಿ ಹೆಗ್ಗಡೆ ಸವೆದು ಘಟ್ಟದ ಮೇಲೆ ‘ಹೆಗಡೆ’, ಕರಾವಳಿಯಲ್ಲಿ ‘ಹೆಗ್ಡೆ’ ಆಯಿತು. ಒಬ್ಬರ ಹೆಸರನ್ನೇ ಒಂದು ಪತ್ರಿಕೆ ಹೆಗಡೆ ಎಂದೂ ಇನ್ನೊಂದು ಪತ್ರಿಕೆ ಹೆಗ್ಡೆ ಎಂದೂ ಅಚ್ಚುಹಾಕುವುದನ್ನು ವಾಚಕರು ನೋಡಿಯೇ ಇದ್ದಾರೆ.

ಈ ‘ಪೆರ್’ಗೆ ಇನ್ನೊಂದು ಅಡ್ಡಹೆಸರೂ ಋಣಿಯಾಗಿದೆ. ಪಾರ್ವ ಎಂದರೆ ಬ್ರಾಹ್ಮಣ. ಹಿರಿಯ ಪಾರ್ವ ಹೆಬ್ಬಾರುವನಾದ, ಹೆಬ್ಬಾರುವ ಹೆಬ್ಬಾರನಾದ. ಹೆಬ್ಬಾರರೂ ಹೆಗ್ಗಡೆಗಳೂ ವ್ಯಾಕರಣದ ಮಟ್ಟಿಗಾದರೂ ದಾಯಾದಿಗಳು!

ಪೆರ್ಗಡೆ ಎಂದರೆ ಹಿರಿಯ ಅಧಿಕಾರಿ. ಇದು ಜಾತಿಯಲ್ಲ, ಕುಲವಲ್ಲ, ಒಂದು ಉದ್ಯೋಗ. ಚಾಳುಕ್ಯರ, ಹೊಯ್ಸಳರ ಶಾಸನಗಳನ್ನು ತಿರುವಿಹಾಕಿದರೆ ಈ ಉದ್ಯೋಗದ ಹಲವು ಅಂತಸ್ತುಗಳು ಕಾಣುತ್ತವೆ. ಕಲ್ಯಾಣದ ಚಾಳುಕ್ಯರ ಅರಮನೆಯ ಮೇಲ್ವಿಚಾರಕನಿಗೆ ‘ಮನೆವೆರ್ಗಡೆ’ ಎಂದು ಹೆಸರು. ದಂಡನಾಯಕರಾದವರೂ ಈ ಬಿರುದನ್ನು ಹೊತ್ತುಕೊಂಡಿದ್ದಾರೆ. ಆದ್ದರಿಂದ ಅದು ಸಾಮಾನ್ಯ ಹುದ್ದೆಯಲ್ಲ. (ಮನೆ, ಪೆರ್ಗಡೆ ಸೇರಿದಾಗ ನಡುವಣ ಪಕಾರ ವಕಾರವಾಗುತ್ತದೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್ ಆದದ್ದು ಹೀಗೆಯೇ: ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ.) ಕೆಳಗಿನ ಅಂತಸ್ತಿನಲ್ಲಿ ‘ಸುಂಕದ ಹೆಗ್ಗಡೆ’ ಇದ್ದಾನೆ. ಎತ್ತಿನ ಮೇಲೆ ಹೇರಿಕೊಂಡು ಬಂದ ಅಡಕೆ, ಮೆಣಸು, ಉಪ್ಪು, ಬಟ್ಟೆಗಳ ಮೇಲೆ ಸುಂಕ ಎತ್ತುವುದು ಅವನ ಕೆಲಸ. ಆ ಸುಂಕಗಳಲ್ಲಿ ದೊಡ್ಡದಕ್ಕೆ ‘ಪೆರ್ಜುಂಕ’ ಎಂದು ಹೆಸರು. ಅಲ್ಲಿಯೂ ಅದೇ ‘ಪೆರ್’. ಊರ ದೇವರ ನಂದಾದೀಪಕ್ಕೆ ಎಣ್ಣೆ ಬೇಕಾದಾಗ, ಇಷ್ಟು ಗಾಣದ ಸುಂಕ, ಇಷ್ಟು ಹೇರಿನ ಸುಂಕ ದೇವರಿಗೆ ಬಿಟ್ಟಿದೆ ಎಂದು ಕಲ್ಲಿನ ಮೇಲೆ ಬರೆಸಿದವರಲ್ಲಿ ಈ ಸುಂಕದ ಹೆಗ್ಗಡೆಗಳು ಬಹಳ ಮಂದಿ. ಸರ್ಕಾರದ ಹಣದಲ್ಲಿ ಪುಣ್ಯ ಕಟ್ಟಿಕೊಳ್ಳುವ ಕಲೆ ಇಂದು ನೆನ್ನೆಯದಲ್ಲ.

ಹೆಗ್ಗಡೆಗಳಲ್ಲಿ ನಮಗೆ ಹೆಚ್ಚು ಪರಿಚಯದವನೆಂದರೆ ಹೊಯ್ಸಳ ವಿಷ್ಣುವರ್ಧನನ ಮಾವ. ಪಟ್ಟಮಹಾದೇವಿ ಶಾಂತಲೆಯ ತಂದೆಯಾದ ಮಾರಸಿಂಗಯ್ಯನನ್ನು ಶ್ರವಣಬೆಳಗೊಳದ ಶಾಸನಗಳು ಪೆರ್ಗಡೆ ಮಾರಸಿಂಗಯ್ಯನೆಂದು ಕರೆಯುತ್ತವೆ. ಆತ ಶೈವ. ಹೆಂಡತಿ ಮಾಚಿಕಬ್ಬೆ ಜೈನಳು. ಮಗಳು ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಸಾವಿನ ದುಃಖದಲ್ಲಿ ತಾಯಿ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಒಂದೇ ಮನೆಯಲ್ಲಿ ಎರಡು ಮತಗಳು ಒಗ್ಗಿಕೊಂಡಿದ್ದುದಕ್ಕೆ ಈ ಸಂಸಾರವನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಬೇಕಾದದ್ದು ಅದಕ್ಕಿಂತ ಸಣ್ಣ ಸಂಗತಿ. ‘ಪೆರ್ಗಡೆ’ ಎಂಬ ಮಾತು ಇಲ್ಲಿ ಹೆಸರಿನ ಮುಂದೆ ನಿಂತಿದೆ, ಅಮಲ್ದಾರ್ ಇಂಥವರು, ಶೇಕದಾರ್ ಇಂಥವರು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದಂತೆ. ಮಾರಸಿಂಗಯ್ಯನ ಮಗಳು ಶಾಂತಲೆ ಹೆಗ್ಗಡೆಯಾಗಲಿಲ್ಲ. ಹುದ್ದೆ ಅವನದು; ಹೆಸರು ಅವಳದು. ಇಂದು ಆ ಮಾತು ಬಹುಮಟ್ಟಿಗೆ ಹೆಸರಿನ ಹಿಂದಕ್ಕೆ ಹೋಗಿ ನಿಂತಿದೆ. ಮುಂದಿನಿಂದ ಹಿಂದಕ್ಕೆ ಹೋದ ಈ ನಾಲ್ಕು ಹೆಜ್ಜೆಯಲ್ಲೇ ಅದರ ಚರಿತ್ರೆಯೆಲ್ಲ ಅಡಗಿದೆ.

ಇದು ಹೇಗಾಯಿತು? ರಾಜ ಕೊಟ್ಟ ಕೆಲಸ ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗತೊಡಗಿತು. ಕೆಲಸದ ಜೊತೆಗೆ ಉಂಬಳಿಯ ಭೂಮಿಯಿತ್ತು. ರಾಜ್ಯಗಳು ಮುಳುಗಿದವು; ಭೂಮಿ ಮುಳುಗಲಿಲ್ಲ. ಭೂಮಿಯನ್ನು ಹಿಡಿದ ಮನೆಗೆ ಹಳೆಯ ಅಧಿಕಾರದ ಹೆಸರೂ ಅಂಟಿಕೊಂಡಿತು. ತುಳುನಾಡಿನಲ್ಲಂತೂ ಕೆಲವು ಹೆಗ್ಗಡೆಗಳು ಸಣ್ಣ ಅರಸರೇ ಆಗಿಬಿಟ್ಟರು. ಕಾಪುವಿನ ಪ್ರಭುವಾಗಿದ್ದ ಮದ್ದ ಹೆಗ್ಗಡೆ ಧರ್ಮನಾಥ ತೀರ್ಥಂಕರನ ಬಸದಿಗೆ ಭೂದಾನ ಮಾಡಿದ 1556ರ ತಾಮ್ರಶಾಸನ ಇದೆ. ಅದರ ಕೊನೆಯಲ್ಲಿ, ದತ್ತಿಯನ್ನು ಕೆಡಿಸಿದವರು ಜೈನರಾಗಿದ್ದರೆ, ಶೈವರಾಗಿದ್ದರೆ, ವೈಷ್ಣವರಾಗಿದ್ದರೆ ಅವರವರ ಕ್ಷೇತ್ರಗಳಲ್ಲಿ ಮೂರ್ತಿ ಒಡೆದ ಪಾಪಕ್ಕೆ ಹೋಗಲಿ ಎಂದು ಬೇರೆ ಬೇರೆಯಾಗಿ ಶಾಪ ಹಾಕಿದೆ. ತನ್ನ ಪ್ರಜೆಗಳಲ್ಲಿ ಯಾರು ಯಾರಿದ್ದಾರೆಂದು ಆ ಹೆಗ್ಗಡೆಗೆ ಚೆನ್ನಾಗಿ ಗೊತ್ತಿತ್ತು.

ಅಧಿಕಾರ ಯಾರ ಕೈಯಲ್ಲಿತ್ತೋ ಅವರು ಹೆಗ್ಗಡೆ. ಒಂದು ಊರಿನಲ್ಲಿ ಅದು ಜೈನನ ಕೈಯಲ್ಲಿತ್ತು, ಇನ್ನೊಂದು ಊರಿನಲ್ಲಿ ಬಂಟನ ಕೈಯಲ್ಲಿ, ಘಟ್ಟದ ಮೇಲಿನ ಅಡಕೆ ತೋಟದ ಸೀಮೆಯಲ್ಲಿ ಹವ್ಯಕನ ಕೈಯಲ್ಲಿ. ಆದ್ದರಿಂದಲೇ ಈ ಒಂದು ಹೆಸರು ಇಷ್ಟು ಮನೆಗಳಲ್ಲಿ ಹಂಚಿಹೋಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಒಂದೇ ಹವ್ಯಕ ಸಮಾಜದಲ್ಲಿ ಭಟ್ಟರೂ ಇದ್ದಾರೆ, ಹೆಗಡೆಯವರೂ ಇದ್ದಾರೆ, ಜೋಯಿಸರೂ ಇದ್ದಾರೆ. ಪೌರೋಹಿತ್ಯ ಒಬ್ಬರದು, ಊರ ಯಜಮಾನಿಕೆ ಇನ್ನೊಬ್ಬರದು ಎಂಬ ಹಳೆಯ ಹಂಚಿಕೆಯ ನೆನಪು ಅದು. ಬಂಟರಲ್ಲಿ ಲೆಕ್ಕವೇ ಬೇರೆ. ಅಲ್ಲಿ ಅಳಿಯಸಂತಾನದ ಕಟ್ಟಳೆಯಂತೆ ಆಸ್ತಿಯೂ ಬಳಿಯೂ ತಾಯಿಯ ಕಡೆಯಿಂದ ಬರುತ್ತಿದ್ದುವು. ಅಡ್ಡಹೆಸರೂ ಅದೇ ದಾರಿ ಹಿಡಿಯುತ್ತಿತ್ತು. ಹೀಗಾಗಿ ತಂದೆ ಹೆಗ್ಡೆ, ಮಗ ಶೆಟ್ಟಿ ಆಗುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. 1949ರ ಅಳಿಯಸಂತಾನ ಕಾನೂನು, 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಈಗ ಅಲ್ಲಿಯೂ ತಂದೆಯ ಹೆಸರೇ ಹೆಚ್ಚಾಗಿ ನಡೆಯುತ್ತಿದೆ.

ಸರಿ, ಹೊಯ್ಸಳರ ಹೆಗ್ಗಡೆಗಳು ಹಾಸನ, ಮಂಡ್ಯ, ಮೈಸೂರುಗಳ ಬಯಲಿನಲ್ಲೂ ಇದ್ದರಲ್ಲ. ಅಲ್ಲಿ ಈ ಅಡ್ಡಹೆಸರು ಏಕೆ ಅಪರೂಪ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹಳೆಯ ಮೈಸೂರಿನಲ್ಲಿ ಅಡ್ಡಹೆಸರಿನ ಪದ್ಧತಿಯೇ ಬೇರೂರಲಿಲ್ಲ. ಊರಿನ ಹೆಸರಿನದೊಂದು ಅಕ್ಷರ, ತಂದೆಯ ಹೆಸರಿನದೊಂದು ಅಕ್ಷರ, ಆಮೇಲೆ ತನ್ನ ಹೆಸರು, ಇಷ್ಟರಲ್ಲಿ ಅಲ್ಲಿಯವರ ವ್ಯವಹಾರ ಮುಗಿಯುತ್ತದೆ. ಹೆಗ್ಗಡೆ ಅಲ್ಲಿ ಮನುಷ್ಯರನ್ನು ಬಿಟ್ಟು ಊರುಗಳ ಹೆಸರಿನಲ್ಲಿ ಸೇರಿಕೊಂಡ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯೇ ಇದಕ್ಕೆ ಸಾಕ್ಷಿ. ಅದನ್ನೂ ನಾವು ‘ಎಚ್. ಡಿ. ಕೋಟೆ’ ಎಂದು ಮಾಡಿ ಹೆಗ್ಗಡೆಯನ್ನು ಒಂದೇ ಅಕ್ಷರಕ್ಕೆ ಇಳಿಸಿದ್ದೇವೆ. ಧಾರವಾಡ, ವಿಜಯಪುರಗಳ ಕಡೆ ಅಡ್ಡಹೆಸರು ಗಟ್ಟಿಯಾಗಿದೆ, ಆದರೆ ಹೆಗ್ಗಡೆ ಅಷ್ಟಾಗಿ ಕಾಣುವುದಿಲ್ಲ. ನನಗೆ ತೋರುವ ಕಾರಣ ಇದು: ಆದಿಲಶಾಹಿಯ, ಅನಂತರ ಮರಾಠರ ಆಡಳಿತದಲ್ಲಿ ಅಲ್ಲಿಯ ಕಂದಾಯದ ಮಾತುಗಳೇ ಬದಲಾದುವು. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ಇವೆಲ್ಲ ಹೊಸ ಕಚೇರಿಯ ಹುದ್ದೆಗಳು. ಅವೇ ಮನೆತನದ ಹೆಸರುಗಳಾದುವು. ಆ ಕಚೇರಿಯ ಕೈ ಅಷ್ಟು ಬಿಗಿಯಾಗಿ ಹಿಡಿಯಲಾರದ ಮಲೆನಾಡಿನ ಮತ್ತು ಕರಾವಳಿಯ ಕಾಡುಮೂಲೆಗಳಲ್ಲಿ ಹಳೆಯ ಕನ್ನಡ ಹುದ್ದೆಗಳು ಬದುಕಿಕೊಂಡವು. ಹೆಗ್ಗಡೆ ಒಬ್ಬನೇ ಅಲ್ಲ, ಅವನ ಜೊತೆಗಾರನೂ ಬದುಕಿದ್ದಾನೆ. ಶಾಸನಗಳಲ್ಲಿ ಲೆಕ್ಕ ಬರೆಯುವ ‘ಸೇನಬೋವ’ನೇ ಶ್ಯಾನುಭೋಗನಾಗಿ, ಕರಾವಳಿಯಲ್ಲಿ ಶಾನಭಾಗನಾಗಿದ್ದಾನೆ. ಎಂಟುನೂರು ವರ್ಷಗಳ ಹಿಂದೆ ಒಂದೇ ಸುಂಕದ ಕಟ್ಟೆಯಲ್ಲಿ ಒಬ್ಬ ಎತ್ತುತ್ತಿದ್ದ, ಇನ್ನೊಬ್ಬ ಬರೆಯುತ್ತಿದ್ದ. ಇಂದು ಮುಂಬಯಿಯ ಒಂದೇ ಬ್ಯಾಂಕಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತಿರುವುದು ಅಸಂಭವವಲ್ಲ.

ಈ ಪದ ಕನ್ನಡದ ಎಲ್ಲೆಯನ್ನೂ ದಾಟಿದೆ. ತೆಲುಗಿನಲ್ಲಿ ಇದು ‘ಪ್ರೆಗ್ಗಡ’; ಅರ್ಥ ಮಂತ್ರಿ. ನನ್ನಯ ಭಟ್ಟ ಅರ್ಧಕ್ಕೆ ಬಿಟ್ಟಿದ್ದ ತೆಲುಗು ಭಾರತದ ಅರಣ್ಯಪರ್ವವನ್ನು ಹದಿನಾಲ್ಕನೆಯ ಶತಮಾನದಲ್ಲಿ ಪೂರೈಸಿದ ಕವಿ ಎರ್ರಾಪ್ರೆಗ್ಗಡ. ಆಂಧ್ರದ ಹಲವು ಮನೆತನಗಳ ಹೆಸರು ಇಂದಿಗೂ ‘ಪ್ರಗಡ’ ಎಂದು ಮುಗಿಯುತ್ತದೆ. ಭೀಮವರದಲ್ಲಿ 1895ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಆರಿಯೋಮೈಸಿನ್ ಮೊದಲಾದ ಔಷಧಗಳ ಶೋಧನೆಯನ್ನು ನಡೆಸಿ 1948ರಲ್ಲಿ ತೀರಿಕೊಂಡ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾಯರ ಹೆಸರಿನಲ್ಲಿ ಅಡಗಿರುವುದೂ ಇದೇ ನಮ್ಮ ಪೆರ್ಗಡೆ. ಇದನ್ನು ಹೇಳಿದಾಗ ನನ್ನ ಸ್ನೇಹಿತರು ಬಹಳ ಸಂತೋಷಪಟ್ಟರು. ಮನೆ ಸಿಕ್ಕದ ದುಃಖ ಅರ್ಧ ಕಡಿಮೆಯಾಯಿತು.

ಹುದ್ದೆ ಅಡ್ಡಹೆಸರಾಗದೆ ಹುದ್ದೆಯಾಗಿಯೇ ಉಳಿದಿರುವ ಜಾಗವೂ ಒಂದಿದೆ, ಧರ್ಮಸ್ಥಳ. ಆ ಕ್ಷೇತ್ರದ ಐತಿಹ್ಯದಲ್ಲಿ ಮೂಲಪುರುಷ ಬಿರ್ಮಣ್ಣ ಪೆರ್ಗಡೆ, ಅವನ ಹೆಂಡತಿ ಅಮ್ಮು ಬಲ್ಲಾಳ್ತಿ. ನೆಲ್ಯಾಡಿ ಬೀಡು ಅವರ ಮನೆ. ಕನ್ನಡದಲ್ಲಿ ಬಿದ್ದುಹೋದ ಪಕಾರ ಇಲ್ಲಿ ಬಿದ್ದಿಲ್ಲ, ಗಮನಿಸಿ. ಹುಲಿಗೆ ಪಿಲಿ, ಹಾಲಿಗೆ ಪೇರ್ ಎನ್ನುವ ತುಳುವಿಗೆ ಪೆರ್ಗಡೆ ಎನ್ನುವುದೇ ಸಹಜ. ಅಲ್ಲಿ ಹೆಗ್ಗಡೆ ಎಂಬುದು ಹುಟ್ಟಿನಿಂದ ಬರುವುದಿಲ್ಲ. ಪಟ್ಟವಾದ ಮೇಲೆ ಬರುತ್ತದೆ. ಮಂಜಯ್ಯ ಹೆಗ್ಗಡೆಯವರ ಅನಂತರ 1955ರಲ್ಲಿ ರತ್ನವರ್ಮ ಹೆಗ್ಗಡೆಯವರು, ಅವರ ಅನಂತರ 1968ರ ಅಕ್ಟೋಬರ್ 24ರಂದು ವೀರೇಂದ್ರ ಹೆಗ್ಗಡೆಯವರು ಆ ಪೀಠಕ್ಕೆ ಬಂದರು. ವೀರೇಂದ್ರ ಹೆಗ್ಗಡೆಯವರ ತಮ್ಮಂದಿರ ಹೆಸರಿನಲ್ಲಿ ಆ ಮಾತಿಲ್ಲ. ಮಾರಸಿಂಗಯ್ಯನ ಕಾಲದ ಪದ್ಧತಿ ಇದೇ ಅಲ್ಲವೆ? ವ್ಯಾಜ್ಯವಿದ್ದವರು ತಂದುಕೊಂಡ ದೂರನ್ನು ಹೆಗ್ಗಡೆಯವರು ಕೇಳಿ ತೀರ್ಮಾನ ಹೇಳುವ ಸಂಪ್ರದಾಯವೂ ಅಲ್ಲಿದೆ. ಅದಕ್ಕೆ ಹೊಯ್ಲು ಎಂದು ಹೆಸರು. ಆದರೆ ಎದುರಿಗೆ ನಿಂತ ಭಕ್ತರು ಅವರನ್ನು ಹೆಗ್ಗಡೆ ಎಂದು ಕರೆಯುವುದಿಲ್ಲ, ‘ಖಾವಂದರೇ’ ಎನ್ನುತ್ತಾರೆ. ಅದು ಪಾರಸಿಯಿಂದ ಬಂದ ಮಾತು.